ಸ್ಕ್ಯಾನಿಂಗ್ ಕೋರ್ಸಿಗೆ ಕೆಲಸ ಗ್ಯಾರಂಟಿ, ಸಂಬಳದ ಮಾತೇಕಿಲ್ಲ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ದ್ವಿತೀಯ ಪಿಯುಸಿ ಫಲಿತಾಂಶ ಬಂದಾಗಿನಿಂದ ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದ ಸುತ್ತ, ಮಂಡ್ಯದ ಹಳೇ ಹೆದ್ದಾರಿಯ ಉದ್ದಕ್ಕೂ ಪ್ಯಾರಾಮೆಡಿಕಲ್ ಕಾಲೇಜುಗಳ ಫ್ಲೆಕ್ಸ್‌ಗಳು ತುಂಬಿಹೋಗಿವೆ. ನಿಮ್ಮ ಪತ್ರಿಕೆಯ ಒಳಪುಟಗಳಲ್ಲೂ ಅವೇ ಜಾಹೀರಾತು. ಬಿಳಿ ಕೋಟು ಹಾಕಿದ ಹುಡುಗಿ, ಹಿಂದೆ ಒಂದು ಎಂ.ಆರ್.ಐ. ಯಂತ್ರ, ಕೆಳಗೆ ದಪ್ಪ ಅಕ್ಷರದಲ್ಲಿ 'ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ, ಶೇ 100 ಉದ್ಯೋಗ'. ಇದನ್ನು ನೋಡಿ ಊರಿನವರು, ನೆಂಟರು, ಮಗಳ ಸ್ನೇಹಿತೆಯರ ಅಮ್ಮಂದಿರು ನನಗೆ ಫೋನ್ ಮಾಡುತ್ತಿದ್ದಾರೆ. ಎಲ್ಲರೂ ಕೇಳುವುದು ಒಂದೇ: ಸೇರಿಸಬಹುದಾ, ಕೆಲಸ ಸಿಗುತ್ತಾ? ಅವರಿಗೆಲ್ಲ ಹೇಳಿದ್ದನ್ನೇ ನಿಮ್ಮ ಓದುಗರಿಗೂ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾಗಿದೆ, ಸಾಧ್ಯವಾದರೆ ಕತ್ತರಿಸದೆ ಹಾಕಿ.

ಕೆಲಸ ಸಿಗುತ್ತದೆ. ಅದರಲ್ಲಿ ಸುಳ್ಳಿಲ್ಲ. ಆದರೆ ಆ ಕೆಲಸದ ಸಂಬಳದಲ್ಲಿ ಒಬ್ಬ ಹುಡುಗಿ ಮೈಸೂರಿನಲ್ಲಿ ರೂಮು ಮಾಡಿಕೊಂಡು, ಊಟ ಮಾಡಿ, ಓದಿನ ಸಾಲ ತೀರಿಸಲು ಆಗುತ್ತದೆಯೇ ಎಂಬುದನ್ನು ಯಾವ ಫ್ಲೆಕ್ಸೂ ಹೇಳುವುದಿಲ್ಲ. ಕಾಲೇಜಿನ ಆಫೀಸಿನಲ್ಲಿ ಕುಳಿತ ತಂದೆತಾಯಿಗಳೂ ಸಂಕೋಚದಿಂದ ಕೇಳುವುದಿಲ್ಲ.

ನಾನು ಪಾಂಡವಪುರ ತಾಲ್ಲೂಕಿನವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಡಿಪ್ಲೊಮಾ ಮುಗಿಸಿ 2006ರಲ್ಲಿ ಒಂದು ನರ್ಸಿಂಗ್ ಹೋಂನ ಎಕ್ಸ್-ರೇ ರೂಮಿಗೆ ಸೇರಿದಾಗ ಸಂಬಳ 3,200 ರೂಪಾಯಿ. ಆಗಿನ್ನೂ ಡಾರ್ಕ್ ರೂಮ್ ಇತ್ತು. ಕೆಂಪು ಬೆಳಕಿನಲ್ಲಿ ಕ್ಯಾಸೆಟ್ ಬಿಚ್ಚಿ ಫಿಲ್ಮ್ ತೆಗೆದು, ಹ್ಯಾಂಗರ್‌ಗೆ ಸಿಕ್ಕಿಸಿ, ಡೆವಲಪರ್‌ನಲ್ಲಿ ಅದ್ದಿ, ನೀರಿನಲ್ಲಿ ತೊಳೆದು, ಫಿಕ್ಸರ್‌ಗೆ ಹಾಕಿ ಒಣಗಿಸುತ್ತಿದ್ದೆವು. ಆ ವಾಸನೆ ಸೀರೆಯಿಂದ ಹೋಗುತ್ತಿರಲಿಲ್ಲ. ಆಮೇಲೆ ಕೆಲಸ ಮಾಡುತ್ತಲೇ ಡಿಗ್ರಿ ಓದಿದೆ, ಸಿ.ಟಿ. ಕಲಿತೆ, ಈಗ ಒಂದು ಖಾಸಗಿ ಕೇಂದ್ರದಲ್ಲಿ ಎಂ.ಆರ್.ಐ. ನೋಡಿಕೊಳ್ಳುತ್ತೇನೆ. ಇಷ್ಟು ವರ್ಷದ ಮೇಲೆ ನನ್ನ ಸಂಬಳ 34,000. ನನ್ನ ಕೈಕೆಳಗೆ ಹೊಸದಾಗಿ ಸೇರಿದ ಹುಡುಗಿ ಬಿ.ಎಸ್ಸಿ. ಓದಿದ್ದಾಳೆ. ಮೂರು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಅವಳಿಗೆ 14,000. ಪಿ.ಎಫ್. ಕಳೆದು ಕೈಗೆ ಬರುವುದರಲ್ಲಿ ಪಿ.ಜಿ. ಬಾಡಿಗೆಗೇ 6,500 ಹೋಗುತ್ತದೆ.

ಧನ್ವಂತರಿ ರಸ್ತೆಯಿಂದ ಹಿಡಿದು ಕುವೆಂಪುನಗರದವರೆಗೆ ನನಗೆ ಪರಿಚಯವಿರುವ ಜಾಗಗಳಲ್ಲಿ ಲೆಕ್ಕ ಸುಮಾರಾಗಿ ಹೀಗೇ ಇದೆ. ಡಿಪ್ಲೊಮಾದವರಿಗೆ ಹತ್ತರಿಂದ ಹದಿಮೂರು ಸಾವಿರ, ಡಿಗ್ರಿಯವರಿಗೆ ಹದಿನಾಲ್ಕರಿಂದ ಹದಿನೆಂಟು. ಸಿ.ಟಿ., ಎಂ.ಆರ್.ಐ. ಎರಡೂ ಸ್ವತಂತ್ರವಾಗಿ ಮಾಡುವಷ್ಟು ಪಳಗಿದರೆ ಐದಾರು ವರ್ಷಕ್ಕೆ ಇಪ್ಪತ್ತೈದರ ಆಸುಪಾಸು. ಹೃದಯದ ಆಂಜಿಯೋಗ್ರಾಂ ಮಾಡುವ ಕ್ಯಾತ್ ಲ್ಯಾಬ್‌ನಲ್ಲಿ ಸ್ವಲ್ಪ ಹೆಚ್ಚು. ಇನ್‌ಚಾರ್ಜ್ ಆದವರು ನಲವತ್ತು ಮುಟ್ಟಬಹುದು, ಅಂಥ ಕುರ್ಚಿ ಒಂದು ಆಸ್ಪತ್ರೆಗೆ ಒಂದೇ. ಬೆಂಗಳೂರಿಗೆ ಹೋದರೆ ಆರಂಭದಲ್ಲೇ ಆರೇಳು ಸಾವಿರ ಜಾಸ್ತಿ ಸಿಗುತ್ತದೆ, ಅದನ್ನು ಬಾಡಿಗೆಯೇ ನುಂಗುತ್ತದೆ. ಇದನ್ನು ಯಾವುದಕ್ಕೆ ಹೋಲಿಸಬೇಕು ಎಂದರೆ, ರಾಜ್ಯದ 7ನೇ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್‌ನಿಂದ ಜಾರಿಗೆ ಬಂದಾಗ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನವೇ 27,000 ಆಯಿತು. ಡಿ ಗ್ರೂಪ್ ನೌಕರರಿಗೆ ಅಷ್ಟು ಕೊಟ್ಟದ್ದು ಸರಿಯಾಗಿಯೇ ಇದೆ. ರೋಗಿಯ ಮಿದುಳಿನ ಚಿತ್ರ ತೆಗೆಯುವ ಪದವೀಧರೆಗೆ ಖಾಸಗಿಯಲ್ಲಿ ಐದು ವರ್ಷ ದುಡಿದರೂ ಅಷ್ಟು ಸಿಗದಿರುವುದು ಸರಿಯಲ್ಲ.

ಯಂತ್ರಕ್ಕೆ ಕೋಟಿಗಟ್ಟಲೆ ಸಾಲ, ಕರೆಂಟ್ ಬಿಲ್ಲು, ವರ್ಷದ ನಿರ್ವಹಣೆ ಒಪ್ಪಂದ, ಸ್ಕ್ಯಾನ್ ನೋಡಿ ವರದಿ ಬರೆಯುವ ವೈದ್ಯರಾದ ರೇಡಿಯಾಲಜಿಸ್ಟರ ಫೀಸು, ಇವೆಲ್ಲ ಮಾಲೀಕರಿಗೆ ಇದೆ ಎಂಬುದು ನನಗೆ ಗೊತ್ತು. ಎಂ.ಆರ್.ಐ. ಆಯಸ್ಕಾಂತ ರಾತ್ರಿಹಗಲು ತಣ್ಣಗಿರಬೇಕು, ರೋಗಿ ಇದ್ದರೂ ಇಲ್ಲದಿದ್ದರೂ ಚಿಲ್ಲರ್ ಓಡುತ್ತಲೇ ಇರಬೇಕು. ಹಾಗಿದ್ದರೂ, ನಮ್ಮಲ್ಲಿ ಬೆಳಗಿನ ಎರಡು ಮೂರು ಸ್ಕ್ಯಾನಿನ ಬಿಲ್ಲು ಸೇರಿಸಿದರೆ ಆ ಹುಡುಗಿಯ ಒಂದು ತಿಂಗಳ ಸಂಬಳ ಆಗುತ್ತದೆ. ಸಂಬಳ ಕೊಡಲು ದುಡ್ಡಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಯಾಕೆ ಕೊಡುವುದಿಲ್ಲ? ಕಾರಣ ಇದು: ನಾವು ಬಿಟ್ಟರೆ ಆ ಜಾಗಕ್ಕೆ ಯಾರನ್ನು ಬೇಕಾದರೂ ಕೂರಿಸಬಹುದು, ಯಾರೂ ಕೇಳುವುದಿಲ್ಲ. ನರ್ಸು ಹೋದರೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾದ ಇನ್ನೊಬ್ಬ ನರ್ಸೇ ಬೇಕು. ಫಾರ್ಮಸಿಸ್ಟ್ ಇಲ್ಲದೆ ಮೆಡಿಕಲ್ ಸ್ಟೋರಿಗೆ ಲೈಸೆನ್ಸ್ ಕೊಡುವುದಿಲ್ಲ. ಎಕ್ಸ್-ರೇ ರೂಮಿಗೆ ಮಾತ್ರ ಎರಡು ತಿಂಗಳು ನಿಂತು ನೋಡಿದ ಅಟೆಂಡರ್ ಸಾಕು. ತಾಲ್ಲೂಕು ಮಟ್ಟದ ಎಷ್ಟೋ ಪುಟ್ಟ ಕೇಂದ್ರಗಳಲ್ಲಿ ಬೆಳಿಗ್ಗೆ ಕಸ ಗುಡಿಸಿದ ಹುಡುಗನೇ ಮಧ್ಯಾಹ್ನ ಎಕ್ಸ್-ರೇ ತೆಗೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಕೊಡುವುದು ಎಂಟು ಸಾವಿರ. ಅವನ ಎಂಟು ಸಾವಿರ ಇರುವತನಕ ಓದಿದವಳ ಸಂಬಳ ಹದಿನಾಲ್ಕರಿಂದ ಮೇಲೇಳುವುದಿಲ್ಲ. ಇದರ ಜೊತೆಗೆ ಇಂಟರ್ನ್‌ಗಳು. ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಬಹುಮಟ್ಟಿಗೆ ಅವರ ಹೆಗಲ ಮೇಲೆ ನಡೆಯುತ್ತದೆ. ಎಷ್ಟೋ ಕಡೆ ಒಂದು ರೂಪಾಯಿ ಸ್ಟೈಪೆಂಡ್ ಇಲ್ಲ. ಕಲಿಯಲಿ ಎಂದು ಕಳಿಸಿದ ಮಕ್ಕಳು ಸಂಬಳವಿಲ್ಲದ ನೌಕರರಾಗುತ್ತಾರೆ, ವರ್ಷ ಮುಗಿಯುತ್ತಿದ್ದಂತೆ ಮುಂದಿನ ಬ್ಯಾಚು ಬರುತ್ತದೆ. ಹೀಗಿರುವಾಗ ಹೊಸಬರನ್ನು ಕಾಯಂ ಮಾಡಿಕೊಳ್ಳುವ ದರ್ದು ಯಾರಿಗಿದೆ?

ಬಟನ್ ಒತ್ತುವುದಕ್ಕೆ ನಾಲ್ಕು ವರ್ಷ ಓದಬೇಕಾ ಎಂದು ನನ್ನ ಭಾವನೇ ಒಮ್ಮೆ ಕೇಳಿದರು. ಓದುಗರಲ್ಲೂ ಹಲವರಿಗೆ ಹಾಗನ್ನಿಸಬಹುದು. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎದೆಯ ಎಕ್ಸ್-ರೇ ತೆಗೆದುಕೊಳ್ಳಿ, ಎಲ್ಲಕ್ಕಿಂತ ಸುಲಭ ಎನ್ನುವುದು ಅದನ್ನೇ. ರೋಗಿ ಉಸಿರನ್ನು ಪೂರ್ತಿ ಎಳೆದು ಹಿಡಿದಿರಬೇಕು. ಅರ್ಧ ಉಸಿರಿನಲ್ಲಿ ತೆಗೆದರೆ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಶ್ವಾಸಕೋಶದ ಕೆಳಭಾಗ ಮಬ್ಬಾಗಿ ನ್ಯುಮೋನಿಯಾ ಇರಬಹುದೇನೋ ಅನ್ನಿಸುತ್ತದೆ. ಆ ಫಿಲ್ಮ್ ನೋಡಿದ ಡಾಕ್ಟರು ಹೃದಯದ ಎಕೋ ಪರೀಕ್ಷೆ ಬರೆಯುತ್ತಾರೆ, ಸಿ.ಟಿ. ಬರೆಯುತ್ತಾರೆ. ಬಡವನ ಜೇಬಿನಿಂದ ನಾಲ್ಕೈದು ಸಾವಿರ ಹೋಗುವುದು ಒಂದು ಉಸಿರನ್ನು ಸರಿಯಾಗಿ ಹಿಡಿಸದ ತಪ್ಪಿಗೆ. ನಾಗಮಂಗಲ ಕಡೆಯ ಕಿವಿ ಕೇಳದ ಅಜ್ಜನಿಗೆ ಉಸಿರು ಹಿಡಿಸುವುದು ಹೇಗೆ ಎಂದು ಪುಸ್ತಕದಲ್ಲಿ ಬರೆದಿಲ್ಲ. ನಾನೇ ಎದುರು ನಿಂತು ಎದೆಯುಬ್ಬಿಸಿ ತೋರಿಸುತ್ತೇನೆ, 'ಹೀಗ್ ಎಳ್ಕೊ ತಾತ, ಬಿಡ್ಬೇಡ' ಅಂತ. ಅವರು ಒಂದು ಸಲ ಮಾಡಿದ ಮೇಲೆ ಓಡಿಹೋಗಿ ಎರಡನೇ ಸಲಕ್ಕೆ ಎಕ್ಸ್‌ಪೋಷರ್ ಕೊಡುತ್ತೇನೆ.

ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಕೀಲು ಮುರಿದ ಅಜ್ಜಿಯರು ವಾರಕ್ಕೊಬ್ಬರಾದರೂ ಬರುತ್ತಾರೆ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಎರಡು ಎಕ್ಸ್-ರೇ ಬೇಕೇ ಬೇಕು. ಪಕ್ಕದ ಚಿತ್ರಕ್ಕೆಂದು ಮುರಿದ ಕಾಲನ್ನು ತಿರುಗಿಸಿದರೆ ಜೀವ ಹೋದಂತೆ ನೋವು, ಮುರಿತವೂ ಜರುಗುತ್ತದೆ. ಅದಕ್ಕೆ ಮುರಿದ ಕಾಲನ್ನು ಮುಟ್ಟದೆ, ಚೆನ್ನಾಗಿರುವ ಕಾಲನ್ನು ಮಡಿಸಿ ಮೇಲೆತ್ತಿ, ಕಿರಣವನ್ನು ಅಡ್ಡಲಾಗಿ ಹಾಯಿಸಿ, ಕ್ಯಾಸೆಟ್ಟನ್ನು ಸೊಂಟದ ಮಗ್ಗುಲಲ್ಲಿ ಓರೆಯಾಗಿ ನಿಲ್ಲಿಸಿ ತೆಗೆಯುತ್ತೇವೆ. ಕಲಿಯದವರು ಏನು ಮಾಡುತ್ತಾರೆಂದರೆ ಒಂದೇ ಚಿತ್ರ ತೆಗೆದು ಕಳಿಸುತ್ತಾರೆ, ಇಲ್ಲವೇ ಕಾಲು ತಿರುಗಿಸುತ್ತಾರೆ. ಆ ಅಜ್ಜಿಯ ಕೂಗು ಕಾರಿಡಾರಿನ ತುದಿಗೆ ಕೇಳಿಸುತ್ತದೆ.

ಎಂ.ಆರ್.ಐ. ಇನ್ನೂ ಸೂಕ್ಷ್ಮ. ನಮ್ಮದು 1.5 ಟೆಸ್ಲಾ ಯಂತ್ರ, ಅಂದರೆ ಭೂಮಿಯ ಕಾಂತಶಕ್ತಿಯ ಸುಮಾರು ಮೂವತ್ತು ಸಾವಿರ ಪಟ್ಟು. ಸ್ಕ್ಯಾನ್ ನಡೆಯದಿರುವಾಗಲೂ ಅದು ಆಫ್ ಆಗಿರುವುದಿಲ್ಲ. ಇದನ್ನು ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ನಡೆದದ್ದೇ ಸಾಕ್ಷಿ. ರೋಗಿಯ ಜೊತೆ ಬಂದ ಸಂಬಂಧಿಕ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದರು, ಆಯಸ್ಕಾಂತ ಸಿಲಿಂಡರ್ ಸಮೇತ ಅವರನ್ನು ಎಳೆದುಕೊಂಡಿತು, ಪ್ರಾಣ ಹೋಯಿತು. ಯಂತ್ರ ಆಫ್ ಆಗಿದೆ, ತೆಗೆದುಕೊಂಡು ಹೋಗಿ ಎಂದು ವಾರ್ಡ್ ಬಾಯ್ ಹೇಳಿದ್ದ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು.

ನಮ್ಮ ಬಾಗಿಲಲ್ಲಿ ಪ್ರತಿಯೊಬ್ಬರನ್ನೂ ವಿಚಾರಿಸಿಯೇ ಒಳಗೆ ಬಿಡುತ್ತೇನೆ. ಪೇಸ್‌ಮೇಕರ್ ಇದೆಯಾ, ತಲೆಯಲ್ಲಿ ಕ್ಲಿಪ್ ಹಾಕಿದ್ದಾರಾ, ಮೂಳೆಯಲ್ಲಿ ರಾಡು ಇದೆಯಾ, ಇಷ್ಟು ಫಾರಂನಲ್ಲಿಯೇ ಇರುತ್ತದೆ. ಫಾರಂನಲ್ಲಿ ಇಲ್ಲದ್ದನ್ನು ಅನುಭವದಿಂದ ಕೇಳಬೇಕು. ಗಂಡಸರ ಉಡುದಾರದಲ್ಲಿ ತಾಯತ ಇರುತ್ತದೆ, ಅದರೊಳಗೆ ತಗಡು. ಸೆರಗಿಗೆ, ಬಳೆಗೆ, ತಾಳಿ ಸರಕ್ಕೆ ಸಿಕ್ಕಿಸಿದ ಪಿನ್ನು ಹೆಂಗಸರಿಗೆ ನೆನಪೇ ಇರುವುದಿಲ್ಲ. ತಾಳಿ ತೆಗೆಯಿರಿ ಎಂದರೆ ಕೆಲವರು ಅಳುತ್ತಾರೆ. ಅತ್ತೆಯ ಕೈಗೆ ಕೊಡಿಸಿ, ಅರಿಶಿನದ ದಾರ ಕಟ್ಟಿಸಿಕೊಂಡು ಬರಲು ಬಿಟ್ಟು, ಹತ್ತು ನಿಮಿಷ ಕಾಯುತ್ತೇನೆ. ಹೆಬ್ಬಾಳ ಕೈಗಾರಿಕಾ ಪ್ರದೇಶದಿಂದ ಬರುವವರಲ್ಲಿ ಲೇತ್, ಗ್ರೈಂಡಿಂಗ್, ವೆಲ್ಡಿಂಗ್ ಮಾಡುವವರಿದ್ದರೆ ತಪ್ಪದೆ ಕೇಳುವ ಮಾತೊಂದಿದೆ: ಯಾವತ್ತಾದರೂ ಕಣ್ಣಿಗೆ ಕಬ್ಬಿಣದ ಚೂರು ಬಿದ್ದಿತ್ತಾ? ಬಿದ್ದಿತ್ತು, ತೆಗೆಸಿದೆ ಎಂದರೂ ಮೊದಲು ಕಣ್ಣಿನ ಎಕ್ಸ್-ರೇ. ಒಳಗೆ ಉಳಿದ ಕೂದಲೆಳೆಯಷ್ಟು ಚೂರು ಆಯಸ್ಕಾಂತದಲ್ಲಿ ಜರುಗಿದರೆ ಕಣ್ಣು ಹೋಗುತ್ತದೆ. ಈ ಪ್ರಶ್ನೆಯನ್ನು ಎರಡು ತಿಂಗಳು ನಿಂತು ನೋಡಿದವನು ಕೇಳುವುದಿಲ್ಲ. ನಾನು ಕಲಿತದ್ದಕ್ಕೆ ಬೆಲೆ ಎಂದರೆ ಈ ಪ್ರಶ್ನೆ, ಇಂಥ ನೂರು ಪ್ರಶ್ನೆ.

ಕಾಂಟ್ರಾಸ್ಟ್ ಇಂಜೆಕ್ಷನ್ ವಿಚಾರವೂ ಹೀಗೇ. ಚಿತ್ರ ಸ್ಪಷ್ಟವಾಗಿ ಕಾಣಲೆಂದು ಸಿ.ಟಿ.ಗೆ ಅಯೋಡಿನ್ ಇರುವ ಔಷಧಿ ಕೊಡುವ ಮೊದಲು ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿ ನೋಡಬೇಕು, ಹಿಂದೆ ಅಲರ್ಜಿ ಆಗಿತ್ತಾ, ಉಬ್ಬಸ ಇದೆಯಾ ಎಂದು ಕೇಳಬೇಕು, ಕೊಟ್ಟ ಮೇಲೆ ಮುಖ ನೋಡುತ್ತಿರಬೇಕು. ಹೆಚ್ಚು ಬರೆಯುವುದಿಲ್ಲ.

ಕಾನೂನು ಏನನ್ನುತ್ತದೆ? ಎಕ್ಸ್-ರೇ, ಸಿ.ಟಿ. ಯಂತ್ರಗಳು ಅಣುಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ ವ್ಯಾಪ್ತಿಗೆ ಬರುತ್ತವೆ. ಪರವಾನಗಿ ಬೇಕು, ಅರ್ಹ ತಂತ್ರಜ್ಞರೇ ನಡೆಸಬೇಕು ಎಂದು ನಿಯಮವಿದೆ. ಕಾಗದದಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ಒಬ್ಬರ ಸರ್ಟಿಫಿಕೇಟ್ ಒಂದು ಕಡೆ, ಅವರ ಕೆಲಸ ಇನ್ನೊಂದು ಕಡೆ. ಎಂ.ಆರ್.ಐ.ನಲ್ಲಿ ಎಕ್ಸ್-ಕಿರಣವೇ ಇಲ್ಲದ್ದರಿಂದ ಅದು ಎಇಆರ್‌ಬಿ ಕೈಗೆ ಬರುವುದೇ ಇಲ್ಲ. ಅಷ್ಟು ಅಪಾಯದ ಯಂತ್ರಕ್ಕೆ ಯಾರನ್ನು ಕೂರಿಸಿದರು ಎಂದು ಬಂದು ನೋಡುವವರಿಲ್ಲ.

ಈ ಕೊರತೆ ತುಂಬಲೆಂದೇ ಸಂಸತ್ತು 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಫಿಸಿಯೊಥೆರಪಿ, ಡಯಾಲಿಸಿಸ್, ಲ್ಯಾಬ್ ಇವುಗಳ ಜೊತೆ ನಮ್ಮ ವೃತ್ತಿಯೂ ಅದರಲ್ಲಿದೆ. ರಾಷ್ಟ್ರಕ್ಕೊಂದು ಆಯೋಗ, ರಾಜ್ಯಕ್ಕೊಂದು ಪರಿಷತ್ತು, ಓದಿದವರಿಗೆಲ್ಲ ನೋಂದಣಿ. ಆರು ತಿಂಗಳೊಳಗೆ ರಾಜ್ಯಗಳು ಪರಿಷತ್ತು ರಚಿಸಬೇಕು ಎಂದು ಕಾಯ್ದೆಯಲ್ಲೇ ಬರೆದಿತ್ತು. ಮೂರು ವರ್ಷ ಕಳೆದರೂ ಆಗದೆ, 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಎರಡು ತಿಂಗಳ ಗಡುವು ಕೊಟ್ಟು ಕೇಂದ್ರಕ್ಕೂ ರಾಜ್ಯಗಳಿಗೂ ಹೇಳಬೇಕಾಯಿತು. 2025ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ನಮ್ಮ ಕೋರ್ಸೂ ಸೇರಿದಂತೆ ಹತ್ತು ವೃತ್ತಿಗಳಿಗೆ ಇಡೀ ದೇಶಕ್ಕೆ ಒಂದೇ ಪಠ್ಯಕ್ರಮ ಬಿಡುಗಡೆ ಮಾಡಿತು. ಒಳ್ಳೆಯದೇ. ಆದರೆ ನನ್ನ ಬಳಿ ಈ ಕಾಯ್ದೆಯಡಿ ಒಂದು ನೋಂದಣಿ ಸಂಖ್ಯೆ ಇಲ್ಲ, ನನ್ನ ಜೊತೆ ಕೆಲಸ ಮಾಡುವ ಯಾರ ಬಳಿಯೂ ಇಲ್ಲ. ಸಂಬಳದ ಪ್ರಶ್ನೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ನೋಂದಣಿ ಇಲ್ಲದವರನ್ನು ಯಂತ್ರದ ಮುಂದೆ ಕೂರಿಸುವಂತಿಲ್ಲ ಎಂದಾದ ದಿನ, ಹದಿನಾಲ್ಕು ಸಾವಿರಕ್ಕೆ ಬರುವುದಿಲ್ಲ ಎಂದು ಹೇಳುವ ಧೈರ್ಯ ಆ ಹುಡುಗಿಗೆ ಬರುತ್ತದೆ. ಸಂಘ, ಮನವಿ, ಕಪ್ಪು ಪಟ್ಟಿ ಕಟ್ಟಿಕೊಂಡ ಪ್ರತಿಭಟನೆ ಯಾವುದೂ ಮಾಡದ ಕೆಲಸವನ್ನು ಅದೊಂದು ಮಾಡುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಸರ್ಕಾರಿ ಆಸ್ಪತ್ರೆಯ ಕೆಲಸವೇ ವಾಸಿ ಎನ್ನುವವರಿದ್ದಾರೆ. ಕಾಯಂ ಆದರೆ ನಿಜವಾಗಿಯೂ ವಾಸಿ. ಕಾಯಂ ಹುದ್ದೆಗೆ ಅರ್ಜಿ ಕರೆಯುವುದು ಅಪರೂಪ, ಕರೆದರೂ ನೇಮಕಾತಿ ಮುಗಿಯುವ ಹೊತ್ತಿಗೆ ಕೆಲವರ ವಯೋಮಿತಿಯೇ ಮೀರಿರುತ್ತದೆ. ಉಳಿದಂತೆ ಗುತ್ತಿಗೆ, ಹೊರಗುತ್ತಿಗೆ. ಕೆ.ಆರ್. ಆಸ್ಪತ್ರೆಯಂಥ ದೊಡ್ಡಾಸ್ಪತ್ರೆಗೆ ಮೈಸೂರಿನವರಷ್ಟೇ ಅಲ್ಲ, ಚಾಮರಾಜನಗರ, ಕೊಡಗು, ಮಂಡ್ಯದ ಹಳ್ಳಿಗಳಿಂದೆಲ್ಲ ಜನ ಬರುತ್ತಾರೆ. ಇಂಥ ಕಡೆ ಎಕ್ಸ್-ರೇ ಮುಂದಿನ ಸಾಲು ಎಷ್ಟಿರುತ್ತದೆ ಎಂಬುದು ಒಮ್ಮೆ ಹೋದವರಿಗೆ ಗೊತ್ತು. ನನ್ನ ಸಹಪಾಠಿಯೊಬ್ಬರು ಬೇರೊಂದು ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆಯಲ್ಲಿದ್ದಾರೆ. ಪಕ್ಕದ ಕುರ್ಚಿಯ ಕಾಯಂ ನೌಕರರ ಅರ್ಧದಷ್ಟೂ ಅವರಿಗಿಲ್ಲ. ಅದೇ ಯಂತ್ರ, ಅದೇ ಪಾಳಿ, ಅದೇ ರೋಗಿಗಳು. ಸಮಾನ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೂ ಕಾಯಂ ವೇತನ ಶ್ರೇಣಿಯ ಕನಿಷ್ಠ ಮೊತ್ತ ಸಿಗಬೇಕು ಎಂದು ಪಂಜಾಬ್ ಸರ್ಕಾರ ಮತ್ತು ಜಗಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2016ರ ಅಕ್ಟೋಬರ್‌ನಲ್ಲೇ ಹೇಳಿದೆ. ಆ ತೀರ್ಪಿನ ಪ್ರತಿಯನ್ನು ಅವರು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. ಇನ್ನು ಹಲವು ಜಿಲ್ಲಾ ಆಸ್ಪತ್ರೆಗಳ ಸಿ.ಟಿ., ಎಂ.ಆರ್.ಐ. ಕೇಂದ್ರಗಳು ಪಿಪಿಪಿ, ಅಂದರೆ ಸರ್ಕಾರಿ-ಖಾಸಗಿ ಸಹಭಾಗಿತ್ವದ ಮಾದರಿಯಲ್ಲಿ ಖಾಸಗಿ ಕಂಪನಿಗಳ ಕೈಯಲ್ಲಿವೆ. ಬಡ ರೋಗಿಗೆ ಇದರಿಂದ ಅನುಕೂಲವಾಗಿದೆ, ಅಲ್ಲಗಳೆಯುವುದಿಲ್ಲ. ಟೆಂಡರಿನಲ್ಲಿ ಸ್ಕ್ಯಾನಿನ ದರ ಬರೆಯುವ ಸರ್ಕಾರ, ಸ್ಕ್ಯಾನ್ ಮಾಡುವವರ ಕನಿಷ್ಠ ಸಂಬಳವನ್ನೂ ಅದೇ ಕಾಗದದಲ್ಲಿ ಬರೆಯಬಾರದೇಕೆ?

ಕೋವಿಡ್ ಎರಡನೇ ಅಲೆಯ ದಿನಗಳನ್ನು ಇಲ್ಲಿ ನೆನಪಿಸಲೇಬೇಕು. 2021ರ ಏಪ್ರಿಲ್, ಮೇನಲ್ಲಿ ಎಲ್ಲರ ಬಾಯಲ್ಲೂ ಸಿ.ಟಿ. ಸ್ಕೋರು, ಅಂದರೆ ಶ್ವಾಸಕೋಶಕ್ಕೆ ಎಷ್ಟು ಸೋಂಕು ಹರಡಿದೆ ಎಂಬ ಅಂಕ. ಪರೀಕ್ಷೆಯ ವರದಿ ಬರುವ ಮೊದಲೇ ಎದೆಯ ಸ್ಕ್ಯಾನಿಗೆ ಜನ ಬರುತ್ತಿದ್ದರು. ಪಿಪಿಇ ಕಿಟ್ ಒಳಗೆ ಬೆವರಿನಲ್ಲಿ ತೊಯ್ದು, ಒಬ್ಬೊಬ್ಬ ರೋಗಿಯ ನಂತರವೂ ಮೇಜು ಒರೆಸಿ, ಉಸಿರಾಡಲು ಆಗದವರನ್ನು ಇಬ್ಬರು ಹಿಡಿದು ಮಲಗಿಸಿ ಕೆಲಸ ಮಾಡಿದೆವು. ನಮ್ಮ ಜೊತೆಗಾರರಲ್ಲಿ ಒಬ್ಬನು ಆ ಮೇ ತಿಂಗಳಲ್ಲೇ ತೀರಿಕೊಂಡ. ಮನೆಗೆ ಅವನೇ ದುಡಿಯುವವ. ಆಸ್ಪತ್ರೆಯ ಪಟ್ಟಿಯಲ್ಲಿ ಅವನ ಹೆಸರು ಏಜೆನ್ಸಿಯ ನೌಕರ ಎಂದಿತ್ತು, ಏಜೆನ್ಸಿಯ ಪಟ್ಟಿಯಲ್ಲಿ ಆ ತಿಂಗಳು ಹೆಸರೇ ಇರಲಿಲ್ಲ. ಅವನ ಹೆಂಡತಿ ಈಗ ಟೈಲರಿಂಗ್ ಮಾಡಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾಳೆ.

ಹೆಣ್ಣುಮಕ್ಕಳ ತಾಯಂದಿರು ಫೋನಿನಲ್ಲಿ ದನಿ ತಗ್ಗಿಸಿ ಕೇಳುವ ಇನ್ನೊಂದು ಪ್ರಶ್ನೆ ಇದೆ. ರೇಡಿಯೇಷನ್ ತಾಗಿದರೆ ಮುಂದೆ ಮಕ್ಕಳಾಗೋದಿಲ್ವಂತೆ, ಹೌದಾ? ಇದಕ್ಕೆ ನಾನು ಧೈರ್ಯವಾಗಿ ಇಲ್ಲ ಎನ್ನುತ್ತೇನೆ. ಸೀಸದ ಗಾಜಿನ ಹಿಂದೆ ನಿಂತು, ಅಗತ್ಯವಿದ್ದಾಗ ಸೀಸದ ಏಪ್ರನ್ ಹಾಕಿ ಕೆಲಸ ಮಾಡಿದರೆ ನಮ್ಮ ಮೈಗೆ ಸೇರುವುದು ತೀರಾ ಕಡಿಮೆ. ನಮ್ಮ ದೇಶದ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಸೇರುವ ವಿಕಿರಣದ ಅಳತೆ), ಯಾವ ಒಂದು ವರ್ಷವೂ 30 ದಾಟಬಾರದು. ಮೈಗೆ ತಾಗಿದ ವಿಕಿರಣ ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜು ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಹೋಗಿ ಲೆಕ್ಕ ಬರುತ್ತದೆ. ಎಕ್ಸ್-ರೇ, ಸಿ.ಟಿ.ಯಲ್ಲಿದ್ದಷ್ಟು ಕಾಲ ನನ್ನ ಬ್ಯಾಡ್ಜು ವರ್ಷಕ್ಕೆ 1 ಮಿಲಿಸೀವರ್ಟ್ ದಾಟಿದ್ದು ನಾನು ನೋಡಿಲ್ಲ. ನನಗೆ ಇಬ್ಬರು ಮಕ್ಕಳು, ಇಬ್ಬರೂ ಆರೋಗ್ಯವಾಗಿದ್ದಾರೆ. ಗರ್ಭಿಣಿ ಎಂದು ತಿಳಿಸಿದ ಮೇಲೆ ಮಗುವಿಗೆ ತಾಗುವುದು ಉಳಿದ ತಿಂಗಳುಗಳಲ್ಲಿ 1 ಮಿಲಿಸೀವರ್ಟ್ ಮೀರಬಾರದು ಎಂದು ನಿಯಮವಿದೆ, ಅದರಂತೆ ಡ್ಯೂಟಿ ಬದಲಿಸಿ ಕೊಡಬೇಕು. ತೊಂದರೆ ಎಲ್ಲಿ ಎಂದರೆ, ಕೆಲವು ಕಡೆ ಹೊಸಬರಿಗೆ ಬ್ಯಾಡ್ಜನ್ನೇ ಕೊಡುವುದಿಲ್ಲ. ಏಪ್ರನ್ ಒಳಗೆ ಸೀಸದ ಹಾಳೆ ಬಿರುಕುಬಿಟ್ಟಿರುತ್ತದೆ. ಗರ್ಭಿಣಿ ಎಂದರೆ ಡ್ಯೂಟಿ ಬದಲಾಯಿಸುವ ಬದಲು ಕೆಲಸ ಬಿಡು ಎನ್ನುತ್ತಾರೆ. ರೇಡಿಯೇಷನ್‌ಗೆ ಹೆದರಬೇಡಿ, ಬ್ಯಾಡ್ಜು ಕೊಡದ ಜಾಗಕ್ಕೆ ಹೆದರಿ ಎಂದು ಆ ತಾಯಂದಿರಿಗೆ ಹೇಳುತ್ತೇನೆ.

ಅಲ್ಟ್ರಾಸೌಂಡ್ ಬಗ್ಗೆ ಒಂದು ಮಾತು. ಅಮೆರಿಕ, ಇಂಗ್ಲೆಂಡಿನಲ್ಲಿ ತರಬೇತಿ ಪಡೆದ ಸೋನೋಗ್ರಾಫರ್‌ಗಳೇ ಅಲ್ಟ್ರಾಸೌಂಡ್ ಮಾಡುತ್ತಾರೆ, ಅಲ್ಲಿ ಅದಕ್ಕೆ ಒಳ್ಳೆಯ ಸಂಬಳವೂ ಇದೆ. ನಮ್ಮಲ್ಲಿ 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಿಂದಾಗಿ ಅದು ಅರ್ಹ ವೈದ್ಯರ ಕೆಲಸ. ಆ ಬಾಗಿಲು ನಮಗೆ ತೆರೆಯಲಿ ಎಂದು ಕೆಲವರು ಕೇಳುತ್ತಾರೆ. ನಾನು ಕೇಳುವುದಿಲ್ಲ. 2023ರ ನವೆಂಬರ್‌ನಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಅಲ್ಟ್ರಾಸೌಂಡ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದ ಸುದ್ದಿ ಓದಿ ಎರಡು ದಿನ ಊಟ ಸೇರಲಿಲ್ಲ. ಹೆಣ್ಣುಮಕ್ಕಳು ಉಳಿಯುವುದು ನಮ್ಮ ಸಂಬಳಕ್ಕಿಂತ ದೊಡ್ಡದು. ಆ ಬಾಗಿಲು ಮುಚ್ಚಿಯೇ ಇರಲಿ, ಉಳಿದ ಕೆಲಸಕ್ಕೆ ನ್ಯಾಯವಾದ ಬೆಲೆ ಕೊಡಿ.

ವಿದೇಶದ ಆಸೆ ಹಲವರಿಗಿದೆ, ಅದು ಬರೀ ಭ್ರಮೆಯಲ್ಲ. ಗಲ್ಫ್ ದೇಶಗಳಿಗೆ ಅಲ್ಲಿಯ ಪರವಾನಗಿ ಪರೀಕ್ಷೆ ಬರೆದು ಹೋದವರು ನನ್ನ ಬ್ಯಾಚಿನಲ್ಲೇ ಇದ್ದಾರೆ. ಇಂಗ್ಲೆಂಡಿಗೆ ಹೋಗಲು ಅಲ್ಲಿಯ ಆರೋಗ್ಯ ವೃತ್ತಿಗಳ ಮಂಡಳಿಯಾದ ಎಚ್‌ಸಿಪಿಸಿಯ ನೋಂದಣಿ ಬೇಕು, ಅಲ್ಲಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊಸ ರೇಡಿಯೋಗ್ರಾಫರ್, ಅಂದರೆ ನಮ್ಮಂಥ ತಂತ್ರಜ್ಞರು, ಬ್ಯಾಂಡ್ 5 ಎಂಬ ವೇತನ ಶ್ರೇಣಿಯಿಂದ ಶುರು ಮಾಡುತ್ತಾರೆ, ಆ ಬ್ಯಾಂಡಿಗೆ ಎಷ್ಟು ಸಂಬಳ ಎಂಬುದು ಇಡೀ ದೇಶಕ್ಕೆ ಬಹಿರಂಗ. ಅಮೆರಿಕದ ಕಾರ್ಮಿಕ ಇಲಾಖೆ ನಮ್ಮ ವೃತ್ತಿಯ ಸಂಬಳವನ್ನು ಪ್ರತಿವರ್ಷ ಪ್ರಕಟಿಸುತ್ತದೆ, ಮಧ್ಯಮ ಮಟ್ಟದ ವಾರ್ಷಿಕ ವೇತನ 70,000 ಡಾಲರ್ ದಾಟಿದೆ. ಅಷ್ಟು ಇಲ್ಲಿ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಸಂಬಳವನ್ನು ಮುಚ್ಚಿಡದೆ ಪ್ರಕಟಿಸುತ್ತಾರಲ್ಲ, ಆ ಪದ್ಧತಿ ಇಲ್ಲಿಗೂ ಬರಲಿ. ಕಂಪ್ಯೂಟರೇ ಸ್ಕ್ಯಾನ್ ಓದುವ ಕಾಲ ಬಂತಲ್ಲ, ಕೆಲಸ ಹೋಗುವುದಿಲ್ಲವೇ ಎಂದು ಕೇಳುವವರಿಗೆ: ಆ ತಂತ್ರಾಂಶ ತೆಗೆದ ಚಿತ್ರವನ್ನು ಓದುತ್ತದೆ, ಸೊಂಟ ಮುರಿದ ಅಜ್ಜಿಯನ್ನು ಮೇಜಿಗೆ ಎತ್ತಿ ಮಲಗಿಸುವುದಿಲ್ಲ.

ನನ್ನ ಅಕ್ಕನ ಮಗಳು ಮಂಡ್ಯದಲ್ಲಿ ಈ ವರ್ಷ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಅವಳಿಗೂ ಇದೇ ಓದುವ ಆಸೆ. ಒಂದು ಖಾಸಗಿ ಕಾಲೇಜು ವರ್ಷಕ್ಕೆ 75,000 ಫೀಸು ಕೇಳಿದೆ, ಹಾಸ್ಟೆಲ್ ಬೇರೆ. ಬೇಡ ಎಂದು ನಾನು ಹೇಳಲಿಲ್ಲ. ಇಷ್ಟೆಲ್ಲ ಬರೆದವಳು ಹಾಗೇಕೆ ಹೇಳಲಿಲ್ಲ ಎಂದರೆ, ಈ ಕೆಲಸ ನನಗೆ ಇಷ್ಟ. ಬೆನ್ನು ನೋವೆಂದು ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡವರ ಬೆನ್ನುಹುರಿಯಲ್ಲಿ ಗಡ್ಡೆ ಇರುವುದು ಮೊದಲು ಕಾಣುವುದು ನನ್ನ ಪರದೆಯ ಮೇಲೆ. ವರದಿ ಹೇಳುವ ಅಧಿಕಾರ ನನಗಿಲ್ಲ, ಆದರೆ ರೇಡಿಯಾಲಜಿಸ್ಟ್ ಡಾಕ್ಟರಿಗೆ ತಕ್ಷಣ ಫೋನ್ ಮಾಡಿ, ಇನ್ನೆರಡು ಸೀಕ್ವೆನ್ಸ್, ಅಂದರೆ ಬೇರೆ ಬಗೆಯ ಚಿತ್ರಗಳನ್ನು, ಸೇರಿಸಲೇ ಎಂದು ಕೇಳಬಹುದು. ಆ ಫೋನಿನಿಂದ ಅದೇ ಸಂಜೆ ಆಪರೇಷನ್ ಆಗಿ ನಡೆದಾಡಿದವರಿದ್ದಾರೆ. ಇಂಥ ಕೆಲಸ ಬಿಡು ಎಂದು ಮಗಳಂಥವಳಿಗೆ ಹೇಗೆ ಹೇಳಲಿ?

ಅವಳನ್ನು ಕಾಲೇಜಿಗೆ ಕರೆದುಕೊಂಡು ಹೋಗಿ ಕೇಳಬೇಕಾದ್ದನ್ನು ಕೇಳಿದೆ. ಕಳೆದ ಬ್ಯಾಚಿನವರು ಎಲ್ಲಿ ಸೇರಿದರು, ಎಷ್ಟು ಸಂಬಳಕ್ಕೆ, ಅವರಲ್ಲಿ ಇಬ್ಬರ ನಂಬರ್ ಕೊಡಿ ಎಂದೆ. ಸಿ.ಟಿ., ಎಂ.ಆರ್.ಐ. ತರಬೇತಿ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ಮಕ್ಕಳು ನಿಂತು ನೋಡುತ್ತಾರೋ ಕೈಯಾರೆ ಮಾಡುತ್ತಾರೋ, ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಎಷ್ಟು, ಮೊದಲ ದಿನದಿಂದ ಟಿಎಲ್‌ಡಿ ಬ್ಯಾಡ್ಜು ಕೊಡುತ್ತೀರಾ ಎಂದೆ. ಎರಡು ಕಾಲೇಜುಗಳಲ್ಲಿ ಉತ್ತರ ಬರಲಿಲ್ಲ. ಮೂರನೆಯ ಕಡೆ ಪ್ರಾಂಶುಪಾಲರೇ ಕೂರಿಸಿ, ರಿಜಿಸ್ಟರ್ ತೆಗೆದು ತೋರಿಸಿದರು. ಸಂಬಳ ಅಲ್ಲೂ ಹದಿನೈದರ ಆಸುಪಾಸೇ, ಆದರೆ ಮುಚ್ಚಿಡಲಿಲ್ಲ. ಅಲ್ಲಿಯೇ ಅರ್ಜಿ ಹಾಕಿದ್ದೇವೆ. ಜೊತೆಗೆ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಸೀಟಿಗೂ ಹಾಕಿಸಿದ್ದೇನೆ. ಅಲ್ಲಿ ಫೀಸು ಕಡಿಮೆ, ರೋಗಿಗಳು ಜಾಸ್ತಿ, ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಓದುಗರಲ್ಲಿ ಮಕ್ಕಳನ್ನು ಸೇರಿಸುವವರು ಇದೇ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ.

ಕಡೆಯದಾಗಿ ಮೈಸೂರು, ಮಂಡ್ಯ ಜಿಲ್ಲಾಧಿಕಾರಿಗಳಲ್ಲಿ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ಒಂದು ವಿನಂತಿ. ಖಾಸಗಿ ಆಸ್ಪತ್ರೆ, ಸ್ಕ್ಯಾನಿಂಗ್ ಕೇಂದ್ರಗಳೆಲ್ಲ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿಯಾಗಬೇಕು, ಆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಹೊಸ ಕಾಯ್ದೆ ಪೂರ್ತಿ ಜಾರಿಗೆ ಬರುವತನಕ ಕಾಯಬೇಕಿಲ್ಲ. ನವೀಕರಣಕ್ಕೆ ಬಂದ ಕಡತದಲ್ಲಿ ತಂತ್ರಜ್ಞರ ಸರ್ಟಿಫಿಕೇಟಿನ ಜೊತೆ ಅವರ ಪಿ.ಎಫ್., ಇ.ಎಸ್.ಐ. ಚಲನ್ ಕೂಡ ಇರಲಿ ಎಂದು ಕೇಳಿ. ಹೆಸರಿಗೆ ಸರ್ಟಿಫಿಕೇಟ್ ಕೊಟ್ಟವರು ಯಾರು, ನಿಜವಾಗಿ ದುಡಿಯುತ್ತಿರುವವರು ಯಾರು ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಭಾನುವಾರ ರಾತ್ರಿ ಒಂಬತ್ತಕ್ಕೆ ಒಂದು ತಂಡ ಕಳಿಸಿ, ಯಂತ್ರದ ಮುಂದೆ ಯಾರಿದ್ದಾರೆ ನೋಡಿ. ಸ್ಕ್ಯಾನ್ ವರದಿಯ ಕೆಳಗೆ ಈಗ ರೇಡಿಯಾಲಜಿಸ್ಟರ ಹೆಸರು, ನೋಂದಣಿ ಸಂಖ್ಯೆ ಇರುತ್ತದೆ. ಅದರ ಪಕ್ಕದಲ್ಲೇ ಸ್ಕ್ಯಾನ್ ಮಾಡಿದವರ ಹೆಸರು, ವಿದ್ಯಾರ್ಹತೆಯೂ ಅಚ್ಚಾಗಬೇಕು ಎಂದು ಆದೇಶ ಮಾಡಿ. ಅದಕ್ಕೆ ಖರ್ಚು ಏನೂ ಇಲ್ಲ, ಫಾರಂನಲ್ಲಿ ಒಂದು ಸಾಲು ಸೇರಿಸಿದರೆ ಆಯಿತು.

ಇಂತಿ ವಿಶ್ವಾಸಿ,
ಒಬ್ಬ ಎಂ.ಆರ್.ಐ. ತಂತ್ರಜ್ಞೆ, ಮೈಸೂರು

(ಈಗಲೂ ಕೆಲಸದಲ್ಲಿರುವುದರಿಂದ ಹೆಸರು ಪ್ರಕಟಿಸಬೇಡಿ. ಹೆಸರು, ವಿಳಾಸವನ್ನು ಪ್ರತ್ಯೇಕವಾಗಿ ಬರೆದು ಜೊತೆಗಿಟ್ಟಿದ್ದೇನೆ.)